ಎಡಗಡೆ ದೊಡ್ಡದು, ಕಾಣ್ತಿದೆಯಾ?

ನಾನು ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರು. ವಿಮಾನ ಎಂದರೆ ನೀವು ಸೂಟ್‌ಕೇಸ್ ಎಳೆದುಕೊಂಡು ಹೋಗಿ ಹತ್ತುವ ದೊಡ್ಡದಲ್ಲ. ನಮ್ಮದು ಒಂದು ಎಂಜಿನ್, ಎರಡು ಸೀಟು. ಬಾಗಿಲನ್ನು ಸಿಟ್ಟಿನಿಂದ ಎಳೆದರೆ ಹಿಡಿಕೆ ಕೈಗೇ ಬರುತ್ತದೆ. ಇಪ್ಪತ್ತಾರು ವರ್ಷದಿಂದ ಇಂಥದ್ದರಲ್ಲೇ ಕೂರಿಸಿಕೊಂಡು ಹಾರುವುದನ್ನು ಹೇಳಿಕೊಟ್ಟಿದ್ದೇನೆ, ಒಬ್ಬ ಶಿಷ್ಯನ ಕಿರುಬೆರಳೂ ಮುರಿದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆವತ್ತಿನ ತನಕ ಜಂಬಕ್ಕೇ ಹೇಳುತ್ತಿದ್ದೆ, ಸುಳ್ಳೇಕೆ?

ನಮ್ಮ ಕ್ಲಬ್ಬಿನ ಮೈದಾನ ದೊಡ್ಡ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಮೊದಲು ಬಂದವರು ನಾವು. ಅವರು ಆಮೇಲೆ ಬಂದು, ರನ್‌ವೇ ಉದ್ದ ಮಾಡಿಕೊಂಡು, ಎರಡೆರಡು ನಿಮಿಷಕ್ಕೊಂದು ದೊಡ್ಡದನ್ನು ಇಳಿಸತೊಡಗಿದ ಮೇಲೆ ನಾವು ನಮ್ಮ ಮನೆಯಲ್ಲೇ ನೆಂಟರಾಗಿಬಿಟ್ಟೆವು. ದೊಡ್ಡವು ಪಶ್ಚಿಮದಿಂದ ಬಂದು ಪೂರ್ವಕ್ಕೆ ಮುಖಮಾಡಿ ಇಳಿಯುತ್ತವೆ. ದಕ್ಷಿಣಕ್ಕೆ ಹೋಗಿ ವಾಪಸಾಗುವ ನಮ್ಮ ಪುಟ್ಟ ವಿಮಾನಗಳು ಆ ದಾರಿಯನ್ನು ಅಡ್ಡ ದಾಟಲೇಬೇಕು, ಬೇರೆ ಗತಿಯಿಲ್ಲ. ಯಾವಾಗ ದಾಟಬೇಕು ಎಂದು ರೇಡಿಯೋದಲ್ಲಿ ಹೇಳುವವರು ನಿಲ್ದಾಣದ ರೇಡಾರ್ ಕೋಣೆಯಲ್ಲಿ ಕೂತ ಕಂಟ್ರೋಲರುಗಳು.

ಅವರು ಕೇಳುವುದು ಒಂದೇ ಪ್ರಶ್ನೆ. 'ಎಡಗಡೆ ದೊಡ್ಡದು ಬರ್ತಿದೆ, ಕಾಣ್ತಿದೆಯಾ?' ಕಂಡಿದೆ ಎಂದರೆ, 'ಅದರ ಮೇಲೇ ಕಣ್ಣಿಟ್ಟು, ಅದು ಹೋದ ಮೇಲೆ ಹಿಂದಿನಿಂದ ದಾಟಿ' ಎನ್ನುತ್ತಾರೆ. ಅಲ್ಲಿಗೆ ಡಿಕ್ಕಿ ತಪ್ಪಿಸುವ ಹೊಣೆ ಅವರ ಹೆಗಲಿನಿಂದ ಇಳಿದು ನಮ್ಮ ಹೆಗಲೇರುತ್ತದೆ. ಕಾಣುತ್ತಿಲ್ಲ ಎಂದಿರೋ, ಕಾಗದದ ಕಾರ್ಖಾನೆಯ ಚಿಮಣಿಯ ಹತ್ತಿರ ಸುತ್ತು ಹಾಕುತ್ತಿರಿ ಎಂದು ಹೇಳಿ ಮರೆತುಬಿಡುತ್ತಾರೆ. ಇಪ್ಪತ್ತು ನಿಮಿಷ, ಒಮ್ಮೊಮ್ಮೆ ಮುಕ್ಕಾಲು ಗಂಟೆ, ಆ ಕೊಳೆತ ವಾಸನೆಯಲ್ಲಿ ಗಾಣದೆತ್ತಿನ ಹಾಗೆ ಸುತ್ತಬೇಕು. ಸುತ್ತಿ ಸುತ್ತಿ ನನ್ನ ಅಂಗಿಯ ಮೇಲೇ ವಾಂತಿ ಮಾಡಿಕೊಂಡ ಶಿಷ್ಯರಿದ್ದಾರೆ.

ಹಾಗಾಗಿ ನಮ್ಮ ಕ್ಲಬ್ಬಿನಲ್ಲಿ ಒಂದು ರೂಢಿ ಬೆಳೆಯಿತು. ಕೇಳಿದ ಕೂಡಲೇ 'ಕಂಡಿದೆ' ಎಂದುಬಿಡುವುದು, ಆಮೇಲೆ ಹುಡುಕುವುದು. ಅಷ್ಟು ದೊಡ್ಡದು ಆಕಾಶದಲ್ಲಿ ಎಲ್ಲಿ ಅಡಗಿಕೊಂಡೀತು? ಹತ್ತಿಪ್ಪತ್ತು ಸೆಕೆಂಡಿನಲ್ಲಿ ಸಿಕ್ಕೇ ಸಿಗುತ್ತದೆ. ಇದು ಯಾವ ಪುಸ್ತಕದಲ್ಲೂ ಇಲ್ಲದ ಪಾಠ. ನನಗೆ ನನ್ನ ಮೇಷ್ಟ್ರು ಹೇಳಿಕೊಟ್ಟರು, ನಾನು ನನ್ನ ಶಿಷ್ಯರಿಗೆಲ್ಲ ಹೇಳಿಕೊಟ್ಟೆ. ಅಕ್ಕನ ಮಗಳಿಗೂ ಹೇಳಿಕೊಟ್ಟೆ.

ಅವಳನ್ನು ನಾವೆಲ್ಲ ಅಜ್ಜಮ್ಮ ಎಂದೇ ಕರೆಯುವುದು. ವಯಸ್ಸು ಇಪ್ಪತ್ತೊಂದು. ಐದು ವರ್ಷದವಳಿದ್ದಾಗಲೇ, ಮನೆಮಂದಿಯೆಲ್ಲ ಹೊರಟು ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ, 'ತಾಳಿ, ಗ್ಯಾಸ್ ನೋಡ್ಬೇಕು' ಎಂದು ಅಡುಗೆಮನೆಗೆ ಓಡುತ್ತಿದ್ದಳು. ಈಗ ವಿಮಾನ ಹತ್ತುವ ಮೊದಲು ರೆಕ್ಕೆ, ಚಕ್ರ, ಎಣ್ಣೆ ಎಲ್ಲವನ್ನೂ ಎರಡೆರಡು ಸಲ ಮುಟ್ಟಿ ನೋಡುತ್ತಾಳೆ. ನಮ್ಮ ಮೆಕ್ಯಾನಿಕ್ಕಿಗೆ ಅದನ್ನು ಕಂಡರೆ ಮೈ ಉರಿಯುತ್ತದೆ. 'ಮದುವೆಗೆ ಗಂಡು ನೋಡೋವಾಗ್ಲೂ ಹಿಂಗೇ ಮುಟ್ಟಿ ಮುಟ್ಟಿ ನೋಡ್ತೀಯೇನಮ್ಮಾ?' ಎಂದು ರೇಗಿಸುತ್ತಾನೆ. 'ನೋಡ್ದೇ ಬಿಡ್ತೀನಾ ಅಣ್ಣಾ, ಎಲ್ಲಿ ಎಣ್ಣೆ ಸೋರುತ್ತೋ' ಎನ್ನುತ್ತಾಳೆ ಅವಳು, ನಗದೆ.

ಅಕ್ಕ ಸುಲಭಕ್ಕೆ ಒಪ್ಪಿದವಳಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸು, ಬಿದ್ದವರನ್ನು, ಮುರಿದುಕೊಂಡವರನ್ನು ದಿನಾ ನೋಡುವವಳು. ಒಂದು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಡ್ಯೂಟಿ ಮುಗಿಸಿ ನೇರ ಕ್ಲಬ್ಬಿಗೇ ಬಂದು, ಚಪ್ಪಲಿಯನ್ನೂ ಬಿಡದೆ ಆಫೀಸಿನ ಬಾಗಿಲಲ್ಲಿ ನಿಂತು ಹೇಳಿದಳು: "ನಿನ್ನ ಕೈಗೆ ಕೊಡ್ತಾ ಇದೀನಿ. ಕ್ಲಬ್ಬಿಗಲ್ಲ, ನಿನಗೆ. ಏನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ." ನಾನು ನಕ್ಕೆ. ಎಲ್ಲ ಅಮ್ಮಂದಿರೂ ಹೀಗೇ ಹೇಳುತ್ತಾರೆ, ನನಗೇನು ಹೊಸದೇ?

ಆ ಪಾಠ ಹೇಳಿಕೊಟ್ಟ ದಿನ ನೆನಪಿದೆ. ಕಾರ್ಖಾನೆಯ ಚಿಮಣಿ ದಾಟುತ್ತಿದ್ದೆವು.

"ಕೇಳಿದ ತಕ್ಷಣ ಕಂಡಿದೆ ಅಂದ್ಬಿಡು. ಯೋಚ್ನೆ ಮಾಡ್ತಾ ಕೂರ್ಬೇಡ."

"ಕಾಣ್ದೇ ಇದ್ರೂನಾ ಮಾಮ?"

"ಕಾಣ್ದೇ ಇದ್ರೂ. ಆಮೇಲೆ ಹುಡುಕ್ಕೋ."

"ಅದು ಸುಳ್ಳಲ್ವಾ?"

"ಸುಳ್ಳಲ್ಲ ಕಣೇ, ಸ್ವಲ್ಪ ಮುಂಚೆ ಹೇಳೋ ನಿಜ."

ಆಮೇಲೆ ಅವಳು ಪ್ರತಿ ಸಲವೂ ಪ್ರಶ್ನೆ ಮುಗಿಯುವ ಮೊದಲೇ 'ಕಂಡಿದೆ' ಎನ್ನತೊಡಗಿದಳು. ನನ್ನದೇ ಧಾಟಿ, ನನ್ನದೇ ಗತ್ತು. ಅಜ್ಜಮ್ಮನಿಗೂ ಬುದ್ಧಿ ಬಂತು ಎಂದು ಬೆನ್ನು ತಟ್ಟಿದ್ದೆ.

ಆವತ್ತು ಅವಳ ಮೊದಲ ಒಂಟಿ ಪ್ರಯಾಣ. ದಕ್ಷಿಣದ ಇನ್ನೊಂದು ಮೈದಾನಕ್ಕೆ ಹೋಗಿ, ಅಲ್ಲಿ ರುಜು ಹಾಕಿಸಿಕೊಂಡು, ಸಂಜೆ ಐದೂವರೆಯೊಳಗೆ ವಾಪಸು ಬರಬೇಕು. ಐದು ಗಂಟೆಗೆಲ್ಲ ನಾನು ಪೆಟ್ರೋಲ್ ಶೆಡ್ಡಿನ ಮುಂದೆ ನಿಂತುಬಿಟ್ಟಿದ್ದೆ. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಕೈರೇಡಿಯೋ. ಅದರಲ್ಲಿ ವಿಮಾನದವರ ಮಾತೂ ಕಂಟ್ರೋಲಿನವರ ಮಾತೂ ಕೇಳುತ್ತದೆ. ಪಕ್ಕದ ಗುಂಡಿ ಒತ್ತಿದರೆ ನಾವೂ ಮಾತಾಡಬಹುದು, ಆದರೆ ಹಾಗೆ ಮಾಡುವಂತಿಲ್ಲ. ಆ ಅಲೆಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಇಬ್ಬರ ಮಾತೂ ಕೇಳುವುದಿಲ್ಲ, ಕಿರ್ರೆನ್ನುವ ಸದ್ದು ಮಾತ್ರ ಬರುತ್ತದೆ. ಮೊದಲ ದಿನವೇ ಎಲ್ಲ ಶಿಷ್ಯರಿಗೂ ನಾನೇ ಇದನ್ನು ಹೇಳುತ್ತೇನೆ, ಕಿವಿ ಹಿಂಡಿ ಹೇಳುತ್ತೇನೆ.

ಆವತ್ತು ಕಂಟ್ರೋಲಿನಲ್ಲಿ ನಾವು ಹೆಡ್‌ಮಿಸ್ಟ್ರೆಸ್ ಎಂದು ಕರೆಯುವವಳು ಇದ್ದಳು. ಹೆಸರು ಗೊತ್ತಿಲ್ಲ, ಮುಖವನ್ನೂ ನೋಡಿಲ್ಲ, ಹದಿನೈದು ವರ್ಷದಿಂದ ದನಿ ಮಾತ್ರ ಪರಿಚಯ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ನನಗೂ ಅವಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ಅವಳ ದನಿ ಕೇಳಿ ಆವತ್ತು ಸಮಾಧಾನವೇ ಆಯಿತು. ಕೆಲಸ ಬಲ್ಲವಳು.

ಐದು ಇಪ್ಪತ್ತಕ್ಕೆ ಅಜ್ಜಮ್ಮನ ದನಿ ಬಂತು. "ಕಾರ್ಖಾನೆ ಚಿಮಣಿ ಮೇಲಿದ್ದೀನಿ, ಸಾವಿರದ ಐನೂರು ಅಡಿ. ದಾಟೋಕೆ ಅನುಮತಿ ಬೇಕು."

ದುರ್ಬೀನೆತ್ತಿ ನೋಡಿದೆ. ಚಿಮಣಿಯ ಹೊಗೆಯ ಮೇಲೆ ಬಿಳಿಯ ಚುಕ್ಕಿ. ನನ್ನ ಕಡೆಗೇ ಮುಖ. ಅವಳಿಗೂ ನನಗೂ ನಡುವೆ ದೊಡ್ಡವುಗಳ ದಾರಿ. ಅವಳ ಎಡಕ್ಕೆ ಪಶ್ಚಿಮ, ಅಲ್ಲಿ ಇಳಿಬಿಸಿಲಿನ ಸೂರ್ಯ ಕಣ್ಣಿಗೆ ಚುಚ್ಚುವಷ್ಟು ಕೆಳಗೆ ಬಂದಿದ್ದ. ದೊಡ್ಡದೊಂದು ಆಗಲೇ ಅವಳ ಎದುರಿಗೆ ಎಡದಿಂದ ಬಲಕ್ಕೆ ಇಳಿದುಕೊಂಡು ಹೋಗುತ್ತಿತ್ತು. ಅದರ ಹಿಂದೆ ಇನ್ನೊಂದು. ನಾನು ನಿಂತಲ್ಲಿಗೆ ಅದರ ದೀಪಗಳು ಚೆನ್ನಾಗಿ ಕಾಣುತ್ತಿದ್ದವು. ಅವಳು ಇದ್ದಲ್ಲಿಂದ ಅದು ನೇರ ಸೂರ್ಯನೊಳಗೆ.

"ಎಡಗಡೆ ದೊಡ್ಡದು ಇಳೀತಿದೆ," ಎಂದಳು ಹೆಡ್‌ಮಿಸ್ಟ್ರೆಸ್. "ಕಾಣ್ತಿದೆಯಾ?"

"ಕಂಡಿದೆ."

ಅಯ್ಯೋ ಅನ್ನಿಸಿತು. ಅಷ್ಟು ಬೇಗ. ನನ್ನದೇ ಧಾಟಿ.

"ಅದರ ಮೇಲೆ ಕಣ್ಣಿಟ್ಟು ಹಿಂದಿನಿಂದ ದಾಟಿ."

"ಕಣ್ಣಿಟ್ಟಿದ್ದೀನಿ. ಹಿಂದಿನಿಂದ ದಾಟ್ತೀನಿ."

ಎರಡನೆಯದು ಹೋಗುವ ತನಕ ಅವಳು ಕಾಯಬೇಕಿತ್ತು. ಕಾಯಲಿಲ್ಲ. ಚುಕ್ಕಿ ನೇರವಾಗಿ ಉತ್ತರಕ್ಕೆ ಬರತೊಡಗಿತು, ಮನೆಗೆ ಹೊರಟ ಹಸುವಿನ ಹಾಗೆ. ನಾನು ದುರ್ಬೀನನ್ನು ಬಲಕ್ಕೆ ತಿರುಗಿಸಿದೆ, ದೊಡ್ಡದು ಬರುತ್ತಿದೆ. ಎಡಕ್ಕೆ ತಿರುಗಿಸಿದೆ, ಅವಳು ಬರುತ್ತಿದ್ದಾಳೆ. ಎರಡೂ ಸೇರುವ ಜಾಗ ಎಲ್ಲಿ ಎಂದು ಇಪ್ಪತ್ತಾರು ವರ್ಷದ ಕಣ್ಣಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇವಳಿಗೆ ಕಂಡಿಲ್ಲ. ಖಂಡಿತ ಕಂಡಿಲ್ಲ. ಮೊದಲು ಹೇಳಿ ಆಮೇಲೆ ಹುಡುಕುತ್ತಿದ್ದಾಳೆ. ಆ ಸೂರ್ಯನಲ್ಲಿ ಏನು ಹುಡುಕುತ್ತಾಳೆ, ನನ್ನ ಕರ್ಮ!

"ತಿರುಗೇ," ಎಂದೆ. "ತಿರುಗೇ ತಾಯಿ." ಯಾರಿಗೆ ಕೇಳಬೇಕು? ಮೆಕ್ಯಾನಿಕ್ ಶೆಡ್ಡಿನಿಂದ ಹೊರಗೆ ಬಂದು ನನ್ನ ಮುಖ ನೋಡಿ, ನಾನು ನೋಡುತ್ತಿದ್ದ ಕಡೆ ನೋಡಿ, ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. "ಫೋನ್ ಮಾಡ್ಲಾ ಮೇಷ್ಟ್ರೇ ಕಂಟ್ರೋಲಿಗೆ?" ಎಂದ. ಫೋನು ಆಫೀಸಿನಲ್ಲಿ. ಓಡಿ, ನಂಬರ್ ಒತ್ತಿ, ಅವರು ಎತ್ತಿ, ಹೇಳಿ ಮುಗಿಸುವಷ್ಟರಲ್ಲಿ ಎರಡು ನಿಮಿಷ. ನನ್ನ ಲೆಕ್ಕದಲ್ಲಿ ಇಪ್ಪತ್ತು ಸೆಕೆಂಡಿತ್ತು.

ದೊಡ್ಡದರ ಕಿಟಕಿಗಳ ಸಾಲು ಬರಿಗಣ್ಣಿಗೇ ಕಾಣುತ್ತಿತ್ತು. ಒಂದೊಂದು ಕಿಟಕಿಯಲ್ಲೂ ಒಬ್ಬೊಬ್ಬರು. ಚುಕ್ಕಿ ಈಗ ಚುಕ್ಕಿಯಲ್ಲ, ರೆಕ್ಕೆಯಿರುವ ವಿಮಾನ, ಅದರೊಳಗೆ ಅಕ್ಕನ ಮಗಳು. ಹೆಡ್‌ಮಿಸ್ಟ್ರೆಸ್ ಸುಮ್ಮನಿದ್ದಾಳೆ. ಯಾಕೆ ಸುಮ್ಮನಿದ್ದಾಳೆ? ಹುಡುಗಿ ಕಂಡಿದೆ ಎಂದಿದ್ದಾಳಲ್ಲ, ಹೊಣೆ ಹುಡುಗಿಯದು, ಅದಕ್ಕೇ ಸುಮ್ಮನಿದ್ದಾಳೆ.

ಗುಂಡಿ ಒತ್ತಿದೆ. "ಅಜ್ಜಮ್ಮಾ, ಬಲಕ್ಕೆ ತಿರುಗು! ಎಡಗಡೆ ಇನ್ನೊಂದಿದೆ, ಸೂರ್ಯನ ಕಡೆ! ತಿರುಗು, ತಿರುಗು!" ಗಂಟಲು ಹರಿಯುವ ಹಾಗೆ ಕೂಗಿದೆ.

ಗುಂಡಿ ಬಿಟ್ಟೆ.

"...ಕ್ಷಣ ಬಲಕ್ಕೆ," ಎಂದು ಹೆಡ್‌ಮಿಸ್ಟ್ರೆಸ್‌ಳ ಮಾತಿನ ಬಾಲ ಮಾತ್ರ ಕೇಳಿಸಿತು.

ಅವಳೂ ಅದೇ ಹೊತ್ತಿಗೆ ಒತ್ತಿದ್ದಳು. ಅವಳೂ ಅದನ್ನೇ ಹೇಳುತ್ತಿದ್ದಳು. ನಾನು ಅವಳ ಮೇಲೆ ಕೂಗಿದೆ, ಅವಳು ನನ್ನ ಮೇಲೆ. ಅಲ್ಲಿ ಮೇಲಿದ್ದ ಹುಡುಗಿಗೆ ಕೇಳಿದ್ದು ಕಿರ್ರೆನ್ನುವ ಸದ್ದು. ಇನ್ನೊಂದು ಸಲ ಒತ್ತಲೋ ಬೇಡವೋ? ಒತ್ತಿದರೆ ಮತ್ತೆ ಅವಳ ಮಾತು ಹಾಳು. ಒತ್ತದಿದ್ದರೆ? ಹೆಬ್ಬೆರಳು ಗುಂಡಿಯ ಮೇಲೇ ನಿಂತುಬಿಟ್ಟಿತು, ಒತ್ತಲೂ ಇಲ್ಲ, ತೆಗೆಯಲೂ ಇಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಕೆಲಸಕ್ಕೆ ಬಾರದ ಮನುಷ್ಯನಾಗಿ ನಾನು ಎಂದೂ ನಿಂತಿರಲಿಲ್ಲ.

ಆಗ ದೊಡ್ಡದು ಮೂಗೆತ್ತಿತು. ಇಳಿಯುತ್ತಿದ್ದದ್ದು ಏಕಾಏಕಿ ಮೇಲಕ್ಕೆ. ಎಂಜಿನ್ನುಗಳ ಆರ್ಭಟ ಎರಡು ಕ್ಷಣ ತಡವಾಗಿ ನಮಗೆ ತಲುಪಿತು, ಶೆಡ್ಡಿನ ತಗಡು ಅದುರಿತು. ಅದರ ಹೊಟ್ಟೆಯ ಕೆಳಗಿನಿಂದ ನಮ್ಮ ಪುಟ್ಟ ವಿಮಾನ ತೂರಿಕೊಂಡು ಈಚೆಗೆ ಬಂತು. ಒಮ್ಮೆ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಕುಕ್ಕರಿಸಿದಂತೆ ಕೆಳಗಿಳಿದು, ಮತ್ತೆ ನೆಟ್ಟಗಾಯಿತು.

ಅದನ್ನು ಮೇಲೆತ್ತಿದ್ದು ನಾನಲ್ಲ, ಹೆಡ್‌ಮಿಸ್ಟ್ರೆಸ್ಸೂ ಅಲ್ಲ. ದೊಡ್ಡದರೊಳಗೆ ಒಂದು ಯಂತ್ರವಿರುತ್ತದೆ, ಹತ್ತಿರ ಬಂದ ವಿಮಾನವನ್ನು ತಾನೇ ಪತ್ತೆ ಹಚ್ಚಿ 'ಮೇಲೇರು, ಮೇಲೇರು' ಎಂದು ಕೂಗುತ್ತದೆ. ಅದು ಕೂಗಿತು, ಅದರ ಪೈಲಟ್ ಮಾತು ಕೇಳಿದ, ಅಷ್ಟೇ. ಮನುಷ್ಯರು ಯಾರೂ ಯಾರನ್ನೂ ಉಳಿಸಲಿಲ್ಲ.

ಅಜ್ಜಮ್ಮ ಇಳಿಸಿದಳು. ಚಕ್ರ ಮೂರನ್ನೂ ಗೆರೆಯ ಮೇಲೇ ಇಟ್ಟಳು. ಶೆಡ್ಡಿನ ತನಕ ಬಂದು ಎಂಜಿನ್ ಆರಿಸಿ, ಬಾಗಿಲು ತೆಗೆದು, ಕಾಲು ಕೆಳಗಿಟ್ಟವಳೇ ಚಕ್ರದ ಪಕ್ಕ ಕೂತು ವಾಂತಿ ಮಾಡಿಕೊಂಡಳು. ಮೆಕ್ಯಾನಿಕ್ ನೀರು ತರಲು ಓಡಿದ. ನಾನು ಅವಳ ಬೆನ್ನು ಸವರಬೇಕಿತ್ತು. ಬದುಕಿ ಬಂದೆಯಲ್ಲೇ ಎಂದು ತಬ್ಬಿಕೊಳ್ಳಬೇಕಿತ್ತು. ಹೆದರಿಕೆಯೆಲ್ಲ ಸಿಟ್ಟಾಗಿ ಬಾಯಿಗೆ ಬಂತು.

"ಎಂಥ ಸುಳ್ಳಿಯೇ ನೀನು! ಸೂರ್ಯನ ಕಡೆ ಇದ್ದಾಗಲೂ ಕಂಡಿದೆ ಅನ್ನೋದಾ? ಒಂಚೂರು ತಲೆ ಉಪಯೋಗಿಸಬಾರದಾ?"

ತಲೆಯೆತ್ತಿ ನೋಡಿದಳು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. "ಕಂಡಿತ್ತು ಮಾಮ."

"ಏನು ಕಂಡಿತ್ತು, ಮಣ್ಣು?"

"ದೊಡ್ಡದು. ನನ್ನ ಎದುರಿಗೇ ಎಡದಿಂದ ಹೋಗ್ತಾ ಇತ್ತು. ಬಾಲದಲ್ಲಿ ಕೆಂಪು ಪಟ್ಟಿ. ಅದರ ಮೇಲೇ ಕಣ್ಣಿಟ್ಟು, ಅದು ಹೋದ ಮೇಲೆ ಹಿಂದೆ ದಾಟಿದೆ. ಅವರು ಹೇಳಿದ ಹಾಗೇ ಮಾಡಿದೆ." ನೀರು ಮುಕ್ಕಳಿಸಿ ಉಗುಳಿದಳು. "ಆಮೇಲೆ ಇನ್ನೊಂದು ಎಲ್ಲಿಂದ ಬಂತು ಮಾಮ? ತಲೆ ಮೇಲೆ ಕತ್ತಲೆ ಆಯ್ತು."

ನಾನು ಅವಳ ಎದುರು ಹಾಗೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಮೊದಲನೆಯದು. ಹೆಡ್‌ಮಿಸ್ಟ್ರೆಸ್ ಕೇಳಿದ್ದು ಎರಡನೆಯದನ್ನು, ಇವಳು ಕಂಡದ್ದು ಮೊದಲನೆಯದನ್ನು. ಎಡಗಡೆ, ಇಳಿಯುತ್ತಿದೆ, ದೊಡ್ಡದು, ಎಲ್ಲವೂ ಸರಿಯಾಗಿ ಹೊಂದಿಕೊಂಡಿತ್ತು. ಬಾಲದ ಕೆಂಪು ಪಟ್ಟಿ ನನಗೂ ನೆನಪಿತ್ತು.

"ಯಾಕೆ ಯಾರೂ ಏನೂ ಹೇಳ್ಲಿಲ್ಲ?" ಎಂದಳು. "ಬರೀ ಕಿರ್ರ್ ಅಂತ ಬಂತು. ಯಾರೋ ಗುಂಡಿ ಒತ್ಕೊಂಡ್ಬಿಟ್ಟಿದ್ರು."

ಅಷ್ಟರಲ್ಲಿ ಆಫೀಸಿನ ಫೋನು ಬಡಿದುಕೊಂಡಿತು. ಮೆಕ್ಯಾನಿಕ್ ಎತ್ತಿ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಂಟ್ರೋಲಿನವರು. ಹುಡುಗೀನ ಕರೀತಿದ್ದಾರೆ" ಎಂದ.

ಅವಳು ಹೋದಳು, ನಾನು ಹಿಂದೆಯೇ ಹೋದೆ. ಮೇಜಿಗೆ ಒರಗಿ ನಿಂತು ಮಾತಾಡಿದಳು. ಹೂಂ ಮೇಡಂ. ಸಾವಿರದ ಐನೂರು ಮೇಡಂ. ಇಲ್ಲ ಮೇಡಂ, ತಿರುಗಿ ಅಂದಿದ್ದು ಕೇಳ್ಲಿಲ್ಲ. ಕಂಡಿತ್ತು ಮೇಡಂ, ನಿಜವಾಗ್ಲೂ ಕಂಡಿತ್ತು, ಕೆಂಪು ಪಟ್ಟಿದು. ಆಮೇಲೆ ತುಂಬ ಹೊತ್ತು ಸುಮ್ಮನೆ ಕೇಳಿಸಿಕೊಂಡಳು. ಕಣ್ಣಲ್ಲಿ ನೀರು ತುಂಬಿತು, ಆದರೆ ಕೆಳಗೆ ಬೀಳಲು ಬಿಡಲಿಲ್ಲ. ಫೋನಿನ ಬಾಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ನನ್ನ ಕಡೆ ತಿರುಗಿದಳು.

"ನೂರೈವತ್ತು ಅಡಿ ಅಂತೆ ಮಾಮ, ಎರಡರ ಮಧ್ಯೆ. ಕಾಣದೇ ಕಂಡಿದೆ ಅಂದಳು ಅಂತ ಬರೀತಾರಂತೆ. ನಿಮ್ಮ ಕ್ಲಬ್ಬಿನವರೆಲ್ಲ ಹೀಗೇ, ನಮಗೆ ಗೊತ್ತಿಲ್ವಾ, ಅಂತಾರೆ. ಲೈಸೆನ್ಸ್ ಪರೀಕ್ಷೆಗೆ ಕೂರಿಸಲ್ವಂತೆ."

"ಗುಂಡಿ ಒತ್ತಿದ್ದು ನಾನು," ಎಂದೆ.

ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ನನ್ನ ಕೈಯಲ್ಲಿದ್ದ ರೇಡಿಯೋ ನೋಡಿದಳು.

"ಯಾಕೆ?"

"ನಿನಗೆ ಕಂಡಿಲ್ಲ ಅಂದ್ಕೊಂಡೆ."

"ಕಂಡಿದೆ ಅಂದೆನಲ್ಲ ಮಾಮ."

"ಅಂದೆ. ನಾನು ಹೇಳ್ಕೊಟ್ಟ ಹಾಗೆ ಅಂದೆ ಅಂದ್ಕೊಂಡೆ."

"ಅದನ್ನ ನಾನು ಒಂದು ದಿನಾನೂ ಮಾಡಿಲ್ಲ," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. "ನನ್ನ ಕಣ್ಣು ಚುರುಕಿದೆ, ಅದಕ್ಕೇ ಬೇಗ ಹೇಳ್ತಿದ್ದೆ. ನೀನು ಬೆನ್ನು ತಟ್ಟಿದಾಗ ನನ್ನ ಕಣ್ಣಿಗೆ ತಟ್ಟಿದ್ದು ಅಂದ್ಕೊಂಡಿದ್ದೆ."

ಫೋನು ಈಸಿಕೊಂಡೆ. "ಮೇಡಂ, ನಾನು ಮೇಷ್ಟ್ರು ಮಾತಾಡ್ತಿರೋದು. ನಿಮ್ಮ ಮಾತಿನ ಮೇಲೆ ಗುಂಡಿ ಒತ್ತಿದ್ದು ನಾನು, ಕೆಳಗಿನಿಂದ. ತಪ್ಪು ನನ್ನದು. ಇನ್ನೊಂದು ಮಾತು. ಹುಡುಗಿ ಸುಳ್ಳು ಹೇಳಿಲ್ಲ. ಅವಳಿಗೆ ನಿಜವಾಗಿ ಕಂಡಿತ್ತು, ಮೊದಲನೇದು. ನೀವು ಕೇಳಿದ್ದು ಎರಡನೇದನ್ನ."

ಆ ಕಡೆ, ಹಿಂದೆ ಬೇರೆ ಕಂಟ್ರೋಲರುಗಳ ಮಾತು ಸಣ್ಣದಾಗಿ ಕೇಳುತ್ತಿತ್ತು.

"ಗುಂಡಿ ಒತ್ತಿದ್ದನ್ನ ಬರ್ಕೊಂಡೆ," ಎಂದಳು ಹೆಡ್‌ಮಿಸ್ಟ್ರೆಸ್. "ಆ ದೊಡ್ಡದರಲ್ಲಿ ನೂರ ಎಂಬತ್ತು ಜನ ಇದ್ರು ಮೇಷ್ಟ್ರೇ."

"ಗೊತ್ತು. ಹುಡುಗಿಗೆ ಕಂಡಿತ್ತು ಅನ್ನೋದನ್ನೂ ಬರ್ಕೊಳ್ಳಿ."

"ಹ್ಯಾಗೆ ಬರ್ಕೊಳ್ಳಲಿ? ಹದಿನೈದು ವರ್ಷದಿಂದ ನಿಮ್ಮ ದನಿ ಕೇಳಿದ್ದೀನಿ. ಮೋಡದೊಳಗೆ ಇರೋದನ್ನೂ ಕಂಡಿದೆ ಅಂದವರು ನೀವು. ನಾನು ರೇಡಾರಲ್ಲಿ ನೋಡ್ತಾ ಕೂತಿರ್ತಿದ್ದೆ, ನಿಮಗೆ ಕಾಣೋಕೆ ಸಾಧ್ಯವೇ ಇಲ್ಲ ಅಂತ ಗೊತ್ತಿರ್ತಿತ್ತು. ಈಗ ನೀವು ಹೇಳ್ತಿದ್ದೀರ, ನಾನು ನಂಬಬೇಕಾ?"

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ.

"ಇಡ್ತೀನಿ," ಎಂದಳು. "ಇನ್ನೂ ಎಂಟು ವಿಮಾನ ಸಾಲಲ್ಲಿದ್ದಾವೆ."

ಫೋನು ಕೆಳಗಿಟ್ಟೆ. ಅಜ್ಜಮ್ಮ ಮೇಜಿನ ಆಚೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು.

"ನಂಬಿದ್ರಾ ಮಾಮ?"

"ನಂಬಿದ್ರು," ಎಂದುಬಿಟ್ಟೆ, ಅವಳ ಪ್ರಶ್ನೆ ಮುಗಿಯುವ ಮೊದಲೇ.